ಶಮಾಳ ದನಿ, ನನ್ನ ತುಟಿ

ಸೆಪ್ಟೆಂಬರ್ 9

ಇವತ್ತೂ ಸೀಟಿಲ್ಲ. ಕುರುಗೋಡಿನಿಂದ ಬಳ್ಳಾರಿವರೆಗೆ ನಿಂತೇ ಬಂದೆ. ಬಸ್ಸಿನ ಕಿಟಕಿಗಳು ಈಗೀಗ ವಿಡಿಯೊ ಕ್ಲಿಪ್‌ಗಳ ಹಾಗೆ ಕಾಣುತ್ತವೆ — ಒಂದರಲ್ಲಿ ಗುಡ್ಡ, ಒಂದರಲ್ಲಿ ಮೆಣಸಿನಕಾಯಿ ಹೊಲ, ಒಂದರಲ್ಲಿ ಬರೀ ಆಕಾಶ. ಯಾವುದರ ಮುಂದೆ ಯಾವುದು ಅಂತ ಮನಸ್ಸು ತನ್ನಷ್ಟಕ್ಕೆ ಜೋಡಿಸುತ್ತಿರುತ್ತದೆ.

ಕಾಲೇಜಿನ ಎಡಿಟಿಂಗ್ ರೂಮಿನಲ್ಲಿ ಒಂದೇ ಕಂಪ್ಯೂಟರ್. ಹಾಡಿನ ವಿಡಿಯೊ ಮಾಡುತ್ತಿರುವವರು ನಾವು ಮೂವರು — ಹುಲಿಗೇಶ, ಶಮಾ, ನಾನು. ಮೌಸ್ ಯಾವಾಗಲೂ ಹುಲಿಗೇಶನ ಕೈಯಲ್ಲಿ. ಹಾಡು ಶಮಾಳದು — ಅವಳೇ ಕಟ್ಟಿ ಅವಳೇ ಹಾಡಿದ್ದು. ಕ್ಯಾಮೆರಾ ಮುಂದೆ ಮಾತ್ರ ನಿಲ್ಲುವುದಿಲ್ಲ ಅಂದಳು, ಅಪ್ಪನ ಹೆದರಿಕೆ. "ಅಬ್ಬಾಗ ಗೊತ್ತಿಲ್ಲಲೇ. ದನಿ ನಂದಿರ್ಲಿ, ಮಾರಿ ನಿಂದಿರ್ಲಿ." ಹಾಗಾಗಿ ಅವಳೂರು ಸಿರುಗುಪ್ಪದಲ್ಲಿ, ಕಾಲುವೆ ದಂಡೆಯ ಮೇಲೆ, ಹಸಿರು ಲಂಗ ದಾವಣಿ ಉಟ್ಟು ತುಟಿ ಆಡಿಸಿದ್ದು ನಾನು.

ಪರದೆಯ ಮೇಲೆ ಭತ್ತದ ಗದ್ದೆ, ಬೆಳ್ಳಕ್ಕಿ, ನಾನು... ನಾನೇನಾ? ನನ್ನ ಬಾಯಿಂದ ಆ ದನಿ ಬರುತ್ತಿದೆ. ಮನೆಗೆ ಬಂದ ಮೇಲೂ ಅದು ನನ್ನದೇ ಅನ್ನಿಸುತ್ತಿತ್ತು.

ಸೆಪ್ಟೆಂಬರ್ 11

ಲಿಪ್ ಸಿಂಕ್ ಕೂಡುತ್ತಿಲ್ಲ. ದನಿ ಬಾಗುವ ಕಡೆ ನನ್ನ ತುಟಿ ನೆಟ್ಟಗೆ ಹೋಗಿಬಿಡುತ್ತದೆ. ದನಿಯನ್ನು ಹಿಂದೆ ಎಳೆದೆವು, ಮುಂದೆ ತಳ್ಳಿದೆವು. ಕಲಿಸುವ ಉಮಾಪತಿ ಸರ್ ಬಾಗಿಲಲ್ಲೇ ನಿಂತು ನೋಡಿದರು. "ಜರುಗಿಸಿದ್ರ ಆಗಂಗಿಲ್ಲ. ಆ ಹುಡುಗಿ ಹಾಡಾಕತ್ತಿಲ್ಲ, ಕೇಳಾಕತ್ತಾಳ."

ಪರದೆಯೊಳಗಿನ ನನ್ನ ಬಗ್ಗೆ ಹೇಳಿದ್ದು. ಹೊರಗಿನ ನಾನು ಅಲ್ಲೇ ಕೂತಿದ್ದೆ.

ಅವ್ವ ಓಣಿ ತುಂಬಾ ಹೇಳಿಟ್ಟಿದ್ದಾಳೆ — ನನ್ನ ಮಗಳು ಹಾಡಿನಾಗ ಬರ್ತಾಳ.

ಸೆಪ್ಟೆಂಬರ್ 18, ಮಧ್ಯಾಹ್ನ

ಬರೆಯಲು ಮನಸ್ಸಾಗಿರಲಿಲ್ಲ. ಕಣ್ಣು ಮುಚ್ಚಿದರೂ ಹಸಿರು.

ಇವತ್ತು ಶಮಾ ಬರಲಿಲ್ಲ. ಹುಲಿಗೇಶ ಬೇಡದ ಕ್ಲಿಪ್‌ಗಳನ್ನು ಅಳಿಸುತ್ತಿದ್ದ. ಒಂದರಲ್ಲಿ ಶಾಟ್ ಮುಗಿದು ನಾನು ಆಚೆ ಹೋಗಿದ್ದೇನೆ, ಇವನು ಕ್ಯಾಮೆರಾ ಆಫ್ ಮಾಡಲು ಮರೆತಿದ್ದಾನೆ. ಖಾಲಿ ದಂಡೆಯ ತುದಿಯಲ್ಲಿ ಶಮಾ. ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಯಾರಿಗೂ ಅಲ್ಲದ ಹಾಗೆ ಹಾಡಿಕೊಳ್ಳುತ್ತಿದ್ದಾಳೆ — ಕಾಲಿವಿ ನೀರೇ, ಗಳಿಗಿ ನಿಲ್ಲೇ... ಗಾಳಿಗೆ ಓಢಣಿ ಹಾರಿ ಮುಖದ ಮೇಲೆ ಬಂತು. ತೆಗೆಯಲಿಲ್ಲ. ಅದರೊಳಗಿಂದಲೇ ಹಾಡಿದಳು. ಉಸಿರಿಗೆ ಬಟ್ಟೆ ಅಲುಗುತ್ತಿತ್ತು, ಬಟ್ಟೆಯ ಮೇಲೆ ನೀರಿನ ಬೆಳಕು.

"ಜ್ಯೋತಿ, ಅಳಿಸ್ಲೇನು?"

"ತಡಿ."

ಮತ್ತೆ ಮತ್ತೆ ನೋಡಿದೆವು. ಹೊಟ್ಟೆಕಿಚ್ಚು ಬಂತು. ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನೋಡುತ್ತ ನೋಡುತ್ತ ಅದೂ ಎಲ್ಲೋ ಕರಗಿತು.

ಸೆಪ್ಟೆಂಬರ್ 19

ಶಮಾಗೆ ತೋರಿಸಿದೆವು. ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡಿದಳು.

"ಇದನ್ನ ಹಾಕಬ್ಯಾಡ್ರಲೇ."

"ನೀ ಹೂಂ ಅನ್ನೋತನ ಹಾಕಂಗಿಲ್ಲ. ಆದ್ರ ನನ್ನ ಶಾಟ್ ತೆಗಿಯಾಕಬೇಕು. ಸುಳ್ಳು ಕಾಣಾಕತ್ತೈತಿ."

"ನಿಮ್ಮವ್ವ ಏನಂತಾಳ?"

"ನಿಮ್ಮಬ್ಬಾ ಏನಂತಾರ?"

ಇಬ್ಬರೂ ನಕ್ಕೆವು. ಆಮೇಲೆ ನಗು ನಿಂತಿತು. ಕ್ಲಿಪ್ ಫೋನಿಗೆ ಹಾಕಿಸಿಕೊಂಡು ಸಿರುಗುಪ್ಪ ಬಸ್ ಹತ್ತಿದಳು.

ಸೆಪ್ಟೆಂಬರ್ 26

ಆವತ್ತಿನಿಂದ ಶಮಾ ಇಲ್ಲ, ಫೋನೂ ಎತ್ತಲಿಲ್ಲ. ಓದು ಬಿಡಿಸಿದರೇನೋ ಅಂತ ಹೆದರಿದ್ದೆ. ಇವತ್ತು ಬಂದಳು. ಹಿಂದೆ ಅವಳ ಅಬ್ಬಾ, ದಾವಲಸಾಬ್. ಅಕ್ಕಿ ಮಿಲ್ಲಿನಿಂದ ನೇರ ಬಂದಿರಬೇಕು, ಅಂಗಿಯ ತುಂಬ ತೌಡು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಫೋನಿನಾಗ ನೋಡೀನಿ. ದೊಡ್ಡದ್ರಾಗ ಹಚ್ರಿ."

ಹಚ್ಚಿದೆವು. ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು. "ಮನ್ಯಾಗ ಇಕಿ ಹಿಂಗ ಯಾವತ್ತೂ ಹಾಡಿಲ್ಲ." ಶಮಾ ನೆಲ ನೋಡಿದಳು. "ಮಾರಿ ಮ್ಯಾಲ ಓಢಣಿ ಐತಲ್ಲ, ಅಷ್ಟ ಹಾಕ್ರಿ. ಹೆಸರು ಮಾತ್ರ ದೊಡ್ಡದಾಗಿ ಬರೀರಿ."

ಅಕ್ಟೋಬರ್ 6

ಮೌಸ್ ಈ ಸಲ ನನ್ನ ಕೈಯಲ್ಲಿ. ನನ್ನನ್ನು ನಾನೇ ತೆಗೆದೆ. ನಾನಿದ್ದ ಕಡೆ ನೀರು ಇಟ್ಟೆ. ಬೆಳ್ಳಕ್ಕಿ. ಗಾಳಿಗೆ ಮಲಗಿ ಏಳುವ ಪೈರು. ಕೊನೆಗೆ ಓಢಣಿ... ಹುಲಿಗೇಶ ಹೇಳಿದ ಕಡೆ ಕಟ್ ಮಾಡಿದೆ, ಶಮಾ "ಇನ್ನೊಂಚೂರು ಇರ್ಲಿ" ಅಂದ ಕಡೆ ಬಿಟ್ಟೆ. ಯಾರ ಕೈಯಿಂದ ಯಾವುದಾಯಿತೋ ತಿಳಿಯದ ಹಾಗಾಯಿತು. ತೇಲಿದ ಹಾಗೆ ಮನೆಗೆ ಬಂದೆ.

ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

ಅಕ್ಟೋಬರ್ 10, ಸಂಜೆ

ಕಾಲೇಜಿನಲ್ಲಿ ತೋರಿಸಿದರು. ಮುಗಿದ ಮೇಲೆ ಚಪ್ಪಾಳೆ. ಅವ್ವ ಬಂದಿದ್ದಳು.

"ನೀ ಅದ್ರಾಗ ಯಾವಾಗ ಬಂದಿ? ನಾ ಕಣ್ಣು ಮಿಟುಕಿಸಿದ್ನೇನು?"

"ನಾ ಅದ್ರಾಗ ಇಲ್ಲವ್ವ. ನಾನ ತೆಗದೀನಿ."

"ಹಂಗಾರ ಲಂಗ ಯಾಕ ಹೊಲಿಸ್ದಿ?"

ಅವ್ವ ಮನೆಗೆ ಬಂದವಳೇ ರೊಟ್ಟಿಗೆ ಕೂತಳು. ಬಡಿಯುವ ಸದ್ದಿನ ನಡುವೆ ಏನೋ ಗುನುಗು. ಬಾಗಿಲಲ್ಲಿ ನಿಂತು ಕೇಳಿದೆ. ಶಮಾಳ ಹಾಡು.

"ಎರಡನೇ ಸಾಲು ಹೆಂಗೈತಲೇ?"

"ನನಗ ಹಾಡಾಕ ಬರಂಗಿಲ್ಲವ್ವ."

"ಬಂದಷ್ಟು ಹಾಡು."

ಹಾಡಿದೆ. ಒರಟು ದನಿ, ನಡುವೆ ಒಡೆಯಿತು. ಅವ್ವ ತಿರುಗಿ ನೋಡಲಿಲ್ಲ. ರೊಟ್ಟಿ ಮೇಲಿನ ಕೈ ಮಾತ್ರ ಮೆಲ್ಲಗಾಯಿತು.

ಈಗ ಮತ್ತೆ ಕೂಗುತ್ತಿದ್ದಾಳೆ. ಮುಂದಿನ ಸಾಲು ಬೇಕಂತೆ. ಅದು ನನಗೂ ಬೇಕು. ಹೊರಟೆ —