ಮಲಗಿ ಬರುವ ಸೀಟು

ಸರೋಜಿನಿ ನಗರ, ನವದೆಹಲಿ
೧೨ ಏಪ್ರಿಲ್ ೨೦೨೪, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಸುಶೀಲೆಯ ನಮಸ್ಕಾರ. ಮೊದಲು ಬೆನ್ನಿನ ಸಮಾಚಾರ ತಿಳಿಸು. ಬೆಲ್ಟ್ ಕಟ್ಟಿಕೊಂಡೇ ಮಲಗುತ್ತೀಯೋ, ಬಿಚ್ಚಿಡುತ್ತೀಯೋ? ಮಗ್ಗುಲು ಬದಲಿಸಲು ಈಗಲೂ ಯಾರಾದರೂ ಹಿಡಿದುಕೊಳ್ಳಬೇಕೇ? ಫೋನಿನಲ್ಲಿ ಕೇಳಿದರೆ ‘ಪರವಾಗಿಲ್ಲ ಕಣೇ’ ಎಂದುಬಿಡುತ್ತೀಯ. ಸ್ಪೀಕರ್ ಹಾಕಿರುತ್ತೀರಿ, ನನ್ನ ಮಗಳು ಶ್ರೀಲಕ್ಷ್ಮಿ ಪಕ್ಕದಲ್ಲೇ ಇರುತ್ತಾಳೆ, ಅಳಿಯಂದಿರು ಮಹಂತೇಶ್ ಕೂಡ ಕೇಳಿಸಿಕೊಳ್ಳುತ್ತಿರುತ್ತಾರೆ. ಅವರ ಮುಂದೆ ನೀನೂ ನಿಜ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅದಕ್ಕೇ ಈ ಕಾಗದ. ಮೇಲಿನ ಮನೆಯ ಹಂಸಿನಿ, ಅದೇ ಹೌಜ್ ಖಾಸ್‌ನಲ್ಲಿ ಇಂಜಿನಿಯರಿಂಗ್ ಓದುವವಳು, ಯಾವುದೋ ಸೆಮಿನಾರಿಗೆಂದು ಇವತ್ತು ಟೊರೊಂಟೊಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಾಗದದ ಜೊತೆಗೆ ಸಾರಿನ ಪುಡಿಯನ್ನೂ ಕಳಿಸುತ್ತಿದ್ದೇನೆ. ಪುಡಿ ನಾನೇ ಮಾಡಿದ್ದು, ಮೆಣಸು ಸ್ವಲ್ಪ ಮುಂದಾಗಿದೆ.

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಮೊನ್ನೆ ಯುಗಾದಿಗೆ ಒಬ್ಬಟ್ಟು ಮಾಡುವ ಶಕ್ತಿ ಇರಲಿಲ್ಲ. ಇವರು ಕರೋಲ್ ಬಾಗ್‌ಗೆ ಹೋಗಿ ಉಡುಪಿಯವರ ಹೋಟೆಲಿನಿಂದ ನಾಲ್ಕು ಕಟ್ಟಿಸಿಕೊಂಡು ಬಂದರು. ತಿನ್ನುತ್ತಾ ‘ದೇವಕಕ್ಕ ಇದ್ದಿದ್ದರೆ’ ಎಂದು ಶುರು ಮಾಡಿದರು, ನಾನು ಎದ್ದು ಒಳಗೆ ಹೋದೆ. ಇಪ್ಪತ್ತೆರಡು ವರ್ಷ ನೀನು ಈ ಮನೆಯಲ್ಲಿ ಡಬ್ಬಿ ಕಟ್ಟಿಕೊಟ್ಟೆ, ನಾನು ಆಫೀಸಿಗೆ ಹೋದೆ. ಶ್ರೀಲಕ್ಷ್ಮಿಯ ಜಡೆ ಹೆಣೆದವಳೂ ನೀನೇ. ಕೊನೆಗೆ ಅವಳ ಬಾಣಂತನಕ್ಕೂ ನೀನೇ ಹೋಗಬೇಕಾಯಿತು. ಪಾರ್ಲಿಮೆಂಟ್ ಅಧಿವೇಶನ, ನನಗೆ ರಜೆ ಇಲ್ಲ ಎಂದರು ಆಫೀಸಿನಲ್ಲಿ. ಸರಿ ಎಂದೆ. ಆ ಮಂಜಿನ ಮೆಟ್ಟಿಲ ಮೇಲೆ ಜಾರಬೇಕಾದವಳು ನಾನು, ಅಕ್ಕಾ. ಜನವರಿಯಿಂದ ದಿನಾ ಇದನ್ನೇ ನೆನೆಯುತ್ತಿದ್ದೇನೆ.

ಟಿಕೆಟ್ಟಿನ ವಿಷಯ ವಿವರವಾಗಿ ಬರೆಯುತ್ತೇನೆ, ನೀನು ದಿನಾ ಕೇಳದೆ ಕೇಳುತ್ತಿರುತ್ತೀಯಲ್ಲ. ಡಾಕ್ಟರು ಒಂದು ಗಂಟೆಗಿಂತ ಹೆಚ್ಚು ಕೂರಬಾರದು, ಮಲಗಿಯೇ ಹೋಗಬೇಕು ಎಂದಿದ್ದಾರೆ. ವಿಮಾನ ಹದಿನಾಲ್ಕು ಗಂಟೆ. ಮೇ ಹದಿನೈದಕ್ಕೆ ನಿನ್ನ ವೀಸಾದ ಆರು ತಿಂಗಳು ಮುಗಿಯುತ್ತದೆ. ಅಂದರೆ ಬಿಸಿನೆಸ್ ಕ್ಲಾಸೇ ಆಗಬೇಕು. ಮೂವತ್ತೊಂದು ವರ್ಷ ದೊಡ್ಡ ಸಾಹೇಬರುಗಳ ವಿಮಾನದ ಬಿಲ್ಲು ಪಾಸು ಮಾಡಿದವಳು ನಾನು. ಯಾವ ವಿಮಾನದಲ್ಲಿ ಯಾವ ಸೀಟು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ, ಒಂದರಲ್ಲೂ ಕೂತವಳಲ್ಲ. ನನ್ನ ಈ ವಿದ್ಯೆ ನಿನಗಾದರೂ ಉಪಯೋಗಕ್ಕೆ ಬರಲಿ ಎಂದುಕೊಂಡೆ. ಆದರೆ ಸರ್ಕಾರದ ದುಡ್ಡಿನಲ್ಲಿ ಹುಡುಕುವುದೇ ಬೇರೆ, ನಮ್ಮ ದುಡ್ಡಿನಲ್ಲಿ ಹುಡುಕುವುದೇ ಬೇರೆ. ಅಗ್ಗದ್ದು ಎಂದು ನೋಡಿದರೆ ಗಲ್ಫಿನಲ್ಲಿ ಇಳಿದು ಏಳು ಗಂಟೆ ಕುರ್ಚಿಯಲ್ಲಿ ಕಾಯಬೇಕು. ಇನ್ನೊಂದು ಹಳೆಯ ವಿಮಾನ, ಸೀಟು ಅರ್ಧ ಬಾಗುತ್ತದೆ, ಪೂರ್ತಿ ಹಾಸಿಗೆಯಾಗುವುದಿಲ್ಲ. ಅದಕ್ಕೂ ಹೆಸರು ಮಾತ್ರ ಬಿಸಿನೆಸ್ ಕ್ಲಾಸ್. ವಿಚಿತ್ರವೆಂದರೆ, ಕೆಲವು ಕಡೆ ಬರೀ ಬರುವ ಟಿಕೆಟ್ಟಿಗಿಂತ ಹೋಗಿ ಬರುವ ಟಿಕೆಟ್ಟೇ ಕಡಿಮೆ! ಸಾಮಾನ್ಯ ಟಿಕೆಟ್ ಕೊಂಡು, ಆಮೇಲೆ ಹರಾಜು ಕೂಗಿ ಮುಂದಿನ ಸೀಟು ಪಡೆಯುವುದೂ ಉಂಟಂತೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಿನ್ನ ಬೆನ್ನನ್ನು ಹರಾಜಿಗಿಡಲು ನನಗೆ ಮನಸ್ಸು ಬರಲಿಲ್ಲ. ಹಂಸಿನಿ ಪಕ್ಕ ಕೂತು ‘ಆಂಟಿ, ಡೇಟ್ಸ್ ಆಗೆ ಪೀಛೆ ಮಾಡಿ ನೋಡಿ ನಾ, ಮಂಗಳವಾರ ಸಸ್ತಾ ಇರುತ್ತೆ’ ಎಂದು ತಾರೀಖು ಹಿಂದೆ ಮುಂದೆ ಮಾಡಿ ಅಗ್ಗದ ದಿನ ಹುಡುಕುವುದನ್ನು ಕಲಿಸಿದಳು. ಮಂಗಳವಾರವನ್ನೂ ನೋಡಿದೆ, ಬುಧವಾರವನ್ನೂ ನೋಡಿದೆ. ಮಾಂಟ್ರಿಯಲ್‌ನಿಂದ ಹತ್ತಿದರೆ ಎಷ್ಟು ಎಂದೂ ನೋಡಿದೆ. ಅಲ್ಲಿಯವರೆಗೆ ಕಾರಿನಲ್ಲಿ ಆರು ಗಂಟೆ ಕುಲುಕಾಡಿ ಹೋಗಬೇಕೆಂದು ಆಮೇಲೆ ಹೊಳೆಯಿತು. ಕಣ್ಣು ಉರಿಯುತ್ತದೆ, ಅಕ್ಕಾ. ಆಫೀಸಿನಲ್ಲೂ ಅದೇ ಪರದೆ, ಮನೆಯಲ್ಲೂ ಅದೇ ಪರದೆ.

ಹೋದ ಗುರುವಾರ ಒಂದು ಸಿಕ್ಕಿತ್ತು. ಕರೋಲ್ ಬಾಗ್‌ನ ಟಿಕೆಟ್ ಏಜೆಂಟ್ ಮುರಳೀಧರ, ನಮ್ಮ ಮಂಗಳೂರು ಕಡೆಯವನು, ಊಟದ ಹೊತ್ತಿಗೆ ಫೋನ್ ಮಾಡಿದ. ‘ಮೇಡಂ, ಎಲ್ಲೂ ಇಳಿಯೋದಿಲ್ಲ, ಪೂರ್ತಿ ಹಾಸಿಗೆ. ಯಾರೋ ಕ್ಯಾನ್ಸಲ್ ಮಾಡಿದ್ದಾರೆ. ನಾಲ್ಕು ಗಂಟೆಯವರೆಗೆ ಹಿಡಿದಿಡ್ತೇನೆ, ಹ್ಞೂಂ ಅನ್ನಿ’ ಎಂದ. ನಾನು ಏನೆಂದೆ ಗೊತ್ತೇ? ಬರಹದಲ್ಲಿ ಕಳಿಸಿ ಎಂದೆ. ಇನ್ನಿಬ್ಬರು ಏಜೆಂಟರಿಗೆ ಫೋನ್ ಮಾಡಿ ಅವರಿಂದಲೂ ದರ ಕೇಳಿದೆ. ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಳ್ಳದ ಆಫೀಸು ನಮ್ಮದು, ಕೈ ಹಾಗೇ ಪಳಗಿಬಿಟ್ಟಿದೆ. ಗೆರೆ ಎಳೆದು, ಮೂವರ ದರ ಹೋಲಿಸುವ ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಬರೆದು, ಕೆಳಗೆ ಮಂಜೂರು ಮಾಡುವವರ ಸಹಿಗೆ ಜಾಗವನ್ನೂ ಬಿಟ್ಟೆ. ಯಾರ ಸಹಿ, ನನ್ನ ತಲೆ! ಮೂರನೆಯವನ ಉತ್ತರ ಬಂದಾಗ ಐದೂಕಾಲು. ಸೀಟು ಹೋಗಿತ್ತು, ಉಳಿದದ್ದರ ದರ ಸುಮಾರು ಎರಡರಷ್ಟಾಗಿತ್ತು. ನಿನಗೆ ಫೋನಿನಲ್ಲಿ ‘ಸೀಟೇ ಇಲ್ಲ’ ಎಂದೆನಲ್ಲ, ಸಂಗತಿ ಇದು. ಆಫೀಸಿನ ಹಾಳು ಅಭ್ಯಾಸ, ಮನ್ನಿಸು.

ಹುಡುಕುತ್ತಲೇ ಇದ್ದೇನೆ. ಧೈರ್ಯವಾಗಿರು. ನೀನು ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ ಎಂದು ಶ್ರೀಲಕ್ಷ್ಮಿ ಮೆಸೇಜು ಹಾಕಿದ್ದಳು. ಆ ಮಕ್ಕಳಿಗೆ ಭಾರವಾಗಿದ್ದೇನೆ ಎಂದು ಮಾತ್ರ ಎಣಿಸಬೇಡ. ಪಾಪುವಿಗೆ ಅಜ್ಜಿಯ ಮುತ್ತು, ಅಳಿಯಂದಿರಿಗೆ ನಮ್ಮಿಬ್ಬರ ನೆನಪು ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇಂತಿ ನಿನ್ನ,
ಸುಶೀಲಾ

ಇನ್ನೊಂದು ಮಾತು: ಹಂಸಿನಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಟ್ಯಾಕ್ಸಿ ಬಂದಿದೆ. ಮೇಲೆ ಬರೆದದ್ದು ಸುಳ್ಳು, ಅಕ್ಕಾ. ಅಭ್ಯಾಸವಲ್ಲ. ಮುರಳೀಧರ ದರ ಹೇಳಿದ ಕೂಡಲೇ ಒಂದು ಸಲ ಬರುವುದಕ್ಕೆ ಇಷ್ಟೊಂದೇ ಎನ್ನಿಸಿತು. ಮೂರು ಕೊಟೇಶನ್ ನೆಪ. ಆ ಬೆನ್ನು ಶ್ರೀಲಕ್ಷ್ಮಿಯದಾಗಿದ್ದರೆ ಎರಡನೆಯದನ್ನೂ ನಾನು ಕೇಳುತ್ತಿರಲಿಲ್ಲ. ಸಹಿ ಹಾಕಿದ ಮೇಲೆ ಲಕೋಟೆ ಅಂಟಿಸಲು ಆಗಲಿಲ್ಲ, ಈಗಷ್ಟೇ ಮುರಳೀಧರನಿಗೆ ಫೋನ್ ಮಾಡಿದೆ. ಮೇ ಒಂಬತ್ತು, ಗುರುವಾರ, ಎಲ್ಲೂ ಇಳಿಯದ ವಿಮಾನ, ಮಲಗುವ ಸೀಟು, ನಿನ್ನ ಹೆಸರಿಗೆ ಆಗಿದೆ. ಎಷ್ಟು ಎಂದು ಕೇಳಬೇಡ. ಟಿಕೆಟ್ ಆದದ್ದನ್ನು ಫೋನಿನಲ್ಲಿ ಎಲ್ಲರೆದುರು ಹೇಳುತ್ತೇನೆ. ಇದನ್ನು ಓದಿ ಹರಿದುಹಾಕು, ನನ್ನ ಮೇಲೆ ಕೋಪವಿದ್ದರೂ ಇರಲಿ, ಬಾ.