ಹನ್ನೊಂದು ಮಕ್ಕಳಿಗೆ ರಜೆ

ಮಾರ್ಚ್ 24, ಸೋಮವಾರ, ಸಂಜೆ 4.30

ಕೊನೆಯ ಬೆಲ್ ಆಯಿತು. ಒಂಬತ್ತು ಜನ ಶಿಕ್ಷಕರಿಗೂ ಖಾಲಿ ಚೀಟಿ ಕೊಟ್ಟೆ. ಈ ವರ್ಷ ನಮ್ಮ ಶಾಲೆಯಲ್ಲಿ ಆದ ಒಂದು ತಪ್ಪು ಬರೆಯಿರಿ, ಹೆಸರು ಬೇಡ, ಬುಧವಾರದೊಳಗೆ ಡಬ್ಬಿಗೆ ಹಾಕಿ ಎಂದೆ. ಗುರುವಾರ ಮೀಟಿಂಗ್. ಅದರ ಮೇಲೆ ಮುಂದಿನ ವರ್ಷದ ಪ್ಲಾನ್.

ಆಡಳಿತ ಮಂಡಳಿಯ ಕಾರ್ಯದರ್ಶಿ ಕಶ್ಯಪ್ ಫೋನ್ ಮಾಡಿದ್ದರು. "ಯಮುನಾ ಮೇಡಂ, ಪ್ಲಾನ್ ಸ್ವಲ್ಪ ಪಾಸಿಟಿವ್ ಆಗಿರ್ಲಿ. ಟ್ರಸ್ಟ್‌ನವ್ರಿಗೂ ಒಂದು ಕಾಪಿ ಹೋಗುತ್ತೆ." ಶಾಲೆಗೆ ನೆರವು ಕೊಡುವ ಟ್ರಸ್ಟ್ ಅದು. ಆಗಲಿ ಎಂದೆ. ಇನ್‌ಚಾರ್ಜ್ ಮುಖ್ಯಶಿಕ್ಷಕಿ ಆಗಿ ಆರು ವರ್ಷ. ಪಾಸಿಟಿವ್ ಬರೆಯುವುದು ಕೈಗೆ ರೂಢಿಯಾಗಿದೆ.

ಮಾರ್ಚ್ 26, ಬುಧವಾರ

ಡಬ್ಬಿ ತೆರೆದೆ. ಶೌಚಾಲಯಕ್ಕೆ ಚಿಲಕವಿಲ್ಲ. ಪ್ರೊಜೆಕ್ಟರ್ ಕೆಟ್ಟು ಐದು ತಿಂಗಳು. ನಾಲ್ಕನೇ ತರಗತಿಗೆ ಮೂರು ಸಲ ಟೀಚರ್ ಬದಲು. ಎಲ್ಲ ಗೊತ್ತಿದ್ದದ್ದೇ.

ಒಂಬತ್ತನೆಯದು. ಅಕ್ಷರ ಬೇಕೆಂದೇ ಸೊಟ್ಟ. "ಡಿಸೆಂಬರ್‌ನಲ್ಲಿ ಟ್ರಸ್ಟ್‌ನವರು ಓದುವ ಪರೀಕ್ಷೆಗೆ ಬಂದ ದಿನ, ಓದಲು ಬಾರದ ಹನ್ನೊಂದು ಮಕ್ಕಳಿಗೆ ರಜೆ ಎಂದು ಹೇಳಿ ಮನೆಯಲ್ಲಿ ಉಳಿಸಿದ್ದು."

ಹೇಳಿಸಿದ್ದು ನಾನು. ಫಲಿತಾಂಶ ಇಳಿದರೆ ಟ್ರಸ್ಟ್ ಕಳಿಸುವ ಇಬ್ಬರು ಟೀಚರ್‌ಗಳೂ ಹೋಗುತ್ತಾರೆಂಬ ಭಯ. ಮೂರರಿಂದ ಐದನೇ ತರಗತಿಯವರೆಗೆ ಐವತ್ತೆಂಟು ಮಕ್ಕಳು. ಪರೀಕ್ಷೆಗೆ ಕೂತವರು ನಲವತ್ತೇಳು, ಓದಿದವರು ನಲವತ್ತಮೂರು. ಶೇಕಡಾ 91 ಎಂದು ಗೇಟಿನ ಪಕ್ಕ ಬೋರ್ಡ್ ಹಾಕಿಸಿದ್ದೆ.

ಚೀಟಿ ಹ್ಯಾಂಡ್‌ಬ್ಯಾಗಿನಲ್ಲಿದೆ. ಜಿಯಾವುಲ್ಲಾ ಸರ್ ಬರೆದಿರಬೇಕು. ಗಣಿತದವರು, ಲೆಕ್ಕ ಬಿಡುವವರಲ್ಲ.

ಮಾರ್ಚ್ 27, ಗುರುವಾರ

ಮೀಟಿಂಗಿನಲ್ಲಿ ಎಂಟು ಚೀಟಿ ಮಾತ್ರ ಓದಿದೆ. ಆದಿಲಕ್ಷ್ಮಿ ಮಿಸ್—ಒಂದನೇ ತರಗತಿಯವರು, ಶಾಲೆಯಲ್ಲಿ ನನಗಿಂತ ಹಳಬರು—ಕೈ ಎತ್ತಿದರು. "ಮೇಡಂ, ಒಂಬತ್ತು ಜನ ಹಾಕಿದ್ವಲ್ಲ?"

"ಒಂದು ಖಾಲಿ ಇತ್ತು ಮಿಸ್."

  ಜಿಯಾವುಲ್ಲಾ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಸುಳ್ಳೆಂದು ಅಲ್ಲಿ ಒಬ್ಬರಿಗಾದರೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರು... ಅದೇ ತಡೆಯಲಾಗುತ್ತಿಲ್ಲ.

ಏಪ್ರಿಲ್ 1, ಮಂಗಳವಾರ

ಯುಗಾದಿ, ರಂಜಾನ್ ಮುಗಿಯಿತು. ಬೆಳಿಗ್ಗೆಯೇ ಹಂಸ ಬಂದರು, ಮಗಳು ಇಂಚರಾಳ ಕೈ ಹಿಡಿದು. ರಾಮಮೂರ್ತಿ ನಗರದಿಂದ ಇಂದಿರಾನಗರಕ್ಕೆ ಹೋಗಿ ಎರಡು ಮನೆಯಲ್ಲಿ ಅಡುಗೆ ಮಾಡುತ್ತಾರೆ. ಇಂಚರಾ ಐದನೇ ತರಗತಿ. ಹನ್ನೊಂದರಲ್ಲಿ ಒಬ್ಬಳು.

"ಮೇಡಂ, ಇವ್ಳಿಗೆ ಓದೋಕೆ ಬರುತ್ತಾ ಇಲ್ವಾ, ನಿಜ ಹೇಳಿ. ಡಿಸೆಂಬರಲ್ಲಿ ಪಕ್ಕದ್ಮನೆ ಹುಡುಗಿಗೆ ಸ್ಕೂಲಿತ್ತು, ಇವ್ಳಿಗೆ ರಜೆ. ಯಾಕೆ ಅಂತ ಕೇಳಿದ್ರೆ, 'ದಡ್ಡರಿಗೆ ಮಾತ್ರ ರಜೆ ಅಮ್ಮಾ' ಅಂದ್ಲು."

ಪುಸ್ತಕ ಕೊಟ್ಟೆ. ಇಂಚರಾ ಗಡಗಡ ಓದಿದಳು. ಕಣ್ಣು ಪುಟದ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಬೇರೆ ಪಾಠ ತೆಗೆದು ತೋರಿಸಿದೆ. ಮಾತು ನಿಂತಿತು. ಮೊದಲಿನದು ಪೂರ್ತಿ ಬಾಯಿಪಾಠ.

ಹಂಸ ಮಗಳನ್ನು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. "ಬಸ್ಸಿಗೆ ಟೈಮಾಯ್ತು" ಎಂದು ಹೊರಟುಬಿಟ್ಟರು.

ಏಪ್ರಿಲ್ 3, ಗುರುವಾರ

ಮತ್ತೆ ಮೀಟಿಂಗ್ ಕರೆದೆ. ಚೀಟಿ ತೆಗೆದು ಓದಿದೆ.  "ಖಾಲಿ ಇತ್ತು ಅಂದಿದ್ದು ಸುಳ್ಳು. ಇದನ್ನ ಮಾಡ್ಸಿದ್ದು ನಾನು." ಜಿಯಾವುಲ್ಲಾ ಸರ್ ಕಡೆ ತಿರುಗಿ, "ಬರ್ದಿದ್ದು ಒಳ್ಳೇದಾಯ್ತು ಸರ್" ಎಂದೆ.

"ನಾನು ಬರ್ದಿದ್ದು ಪ್ರೊಜೆಕ್ಟರ್ ವಿಷಯ ಮೇಡಂ."

ಆದಿಲಕ್ಷ್ಮಿ ಮಿಸ್ ತಲೆ ಎತ್ತದೆ ಹೇಳಿದರು. "ನಾನೇ ಬರ್ದಿದ್ದು. ಆ ಹನ್ನೊಂದು ಮನೆಗೂ ಫೋನ್ ಮಾಡಿದ್ದು ನಾನಲ್ವಾ? ನೀವು ಹೇಳಿದ್ರಿ, ಮಾಡ್ಬಿಟ್ಟೆ. ಯಾಕೆ ಅಂತ ಒಂದು ಮಾತು ಕೇಳ್ಲಿಲ್ಲ."

ಅತ್ತರು. ನಾನೂ. ಜಿಯಾವುಲ್ಲಾ ಸರ್ ಎದ್ದು ಕಪ್ಪು ಹಲಗೆಯ ಮೇಲೆ 43/58 ಬರೆದರು. "ಶೇಕಡಾ ಎಪ್ಪತ್ನಾಲ್ಕು. ಇಲ್ಲಿಂದ ಶುರು ಮಾಡೋಣ."

ಪ್ಲಾನಿನ ಮೊದಲ ಪುಟದಲ್ಲಿ ಅದೇ ಸಂಖ್ಯೆ, ಡಿಸೆಂಬರಿನ ವಿಷಯ, ನನ್ನ ಹೆಸರು. ಬೇಸಿಗೆ ರಜೆಯಲ್ಲೇ ಓದಿನ ತರಗತಿ—ಮನೆಯಲ್ಲಿ ಉಳಿದ ಹನ್ನೊಂದು, ಪರೀಕ್ಷೆಯಲ್ಲಿ ತಡವರಿಸಿದ ನಾಲ್ಕು.

ಏಪ್ರಿಲ್ 7, ಸೋಮವಾರ, ಮಧ್ಯಾಹ್ನ

ಪ್ಲಾನ್ ಓದಿ ಕಶ್ಯಪ್ ಫೋನ್. "ಮೊದಲ್ನೇ ಪೇಜ್ ತೆಗೀರಿ ಮೇಡಂ. ಯಾರಾದ್ರೂ ತಮ್ಮ ಮೇಲೆ ತಾವೇ ಕಂಪ್ಲೇಂಟ್ ಬರ್ಕೊಳ್ತಾರಾ?"

"ತೆಗೆಯೋಕಾಗಲ್ಲ ಸರ್."

"ಹಾಗಾದ್ರೆ ಬುಧವಾರ ಹನ್ನೊಂದಕ್ಕೆ ಕಮಿಟಿ ಮುಂದೆ ಬಂದು ಹೇಳಿ."



ಏಪ್ರಿಲ್ 9, ಬುಧವಾರ

ಇಂದಿರಾನಗರದಲ್ಲಿರುವ ಮಂಡಳಿಯ ಆಫೀಸಿನ ಹೊರಗೆ ನಲವತ್ತು ನಿಮಿಷ ಕೂರಿಸಿದರು. ಒಳಗೆ ಹತ್ತೇ ನಿಮಿಷ. ಇನ್‌ಚಾರ್ಜ್ ಹೋಯಿತು. ಇನ್ನು ಮೇಲೆ ಜಿಯಾವುಲ್ಲಾ ಸರ್. ಅವರನ್ನೂ ಕರೆಸಿದ್ದರು. ಮೊದಲ ಪುಟ ನೀವಾದರೂ ತೆಗೆಯುತ್ತೀರಾ ಎಂದು ಕೇಳಿದರಂತೆ.

"ಆ ಪೇಜ್ ಇದ್ರೇನೇ ನಾನು ಚಾರ್ಜ್ ತಗೊಳ್ಳೋದು ಅಂದೆ ಮೇಡಂ."

ಪುಟ ಉಳಿಯಿತು. ಟ್ರಸ್ಟ್‌ಗೂ ಹೋಯಿತು. ಆ ಇಬ್ಬರು ಟೀಚರ್‌ಗಳು ಉಳಿಯುತ್ತಾರೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ಮೆಟ್ರೋವರೆಗೆ ಜೊತೆಯಲ್ಲೇ ನಡೆದೆವು. "ರಜೆ ಕ್ಲಾಸು ನೀವೇ ತಗೋಬೇಕು" ಎಂದರು. ಹೂಂ ಎಂದೆ. ಆಮೇಲೆ ಹೆದರಿಕೆಯಾಯಿತು.

ಏಪ್ರಿಲ್ 10, ಗುರುವಾರ, ಬೆಳಿಗ್ಗೆ

ನಾಳೆ ರಜೆ ಕ್ಲಾಸಿಗೆ ಮಕ್ಕಳು ಬರುತ್ತಾರೆ. ಪಾಠ ಮಾಡಿ ಆರು ವರ್ಷವಾಯಿತು. ಹಾಜರಿ ಪಟ್ಟಿ ಬರೆಯಲು ಕೂತೆ. ಮೊದಲು ಆ ಹನ್ನೊಂದು.

ಇಂಚರಾ. ಮುನಿರಾಜು. ಸಮರ್ಥ್. ಚಿನ್ಮಯಿ.

ಐದನೆಯವಳು ಎರಡು ಜಡೆಯ ಹುಡುಗಿ, ಹಾಲಿನ ಬೂತಿನ ಪಕ್ಕದ ಮನೆ. ದಿನಾ ಗೇಟಿನಲ್ಲಿ ನಮಸ್ತೆ ಮಿಸ್ ಅನ್ನುತ್ತಾಳೆ. ಅವಳ ಹೆಸರು—ನನಗೆ ಗೊತ್ತಿಲ್ಲ.