ಬರೀ ಹಗ್ಗ ಹಿಡಿದು ಬಂದವಳು

ಫೀನಿಕ್ಸ್
ಅಕ್ಟೋಬರ್ 9, ಗುರುವಾರ

ಪ್ರೀತಿಯ ಎಲ್ವಿರಾ,

ಆಗಸ್ಟಿನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ನೀನು ಕಳಿಸಿದ ಪೈನ್ ಬೀಜ ತಲುಪಿತು. ಪೊಟ್ಟಣದ ಮೂಲೆ ಹರಿದಿತ್ತು, ಅಂಚೆಯವನು ಒಂದು ಹಿಡಿ ಬಾಯಿಗೆ ಹಾಕಿಕೊಂಡಿದ್ದಾನೆಂದು ನನ್ನ ಗುಮಾನಿ. ಅನುಮಾನಕ್ಕೆ ಮದ್ದಿಲ್ಲ ಎಂದು ಅಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳು, ನಿನಗೆ ನೆನಪಿರಬಹುದು. ಇಲ್ಲಿ ಇನ್ನೂ ಸೆಕೆ ಇಳಿದಿಲ್ಲ. ಹುಡುಗಿಯರ ಹದಿನೈದನೇ ಹುಟ್ಟುಹಬ್ಬದ ಉಡುಪುಗಳು ನಾಲ್ಕು ಒಟ್ಟಿಗೆ ಹೊಲಿಗೆಗೆ ಬಂದು ಬಿದ್ದಿವೆ. ನಾಲ್ವರಿಗೂ ಸೊಂಟ ಬಿಗಿಯಾಗಬೇಕಂತೆ, ತಿನ್ನುವುದು ಮಾತ್ರ ಯಾರೂ ಬಿಡುವುದಿಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಒಲೆ ಮೇಲೆ ಏನೋ ಇದೆ ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು. ಚುರ್ರೊ ಸಿಕ್ಕಿದ.

ಹೌದು, ಓಡಿಹೋದ ಎಂದು ನೀನು ಹೇಳಿದ ಚುರ್ರೊ. ಹೋದ ವರ್ಷ ಜೂನಿನಲ್ಲಿ ನಾನು ಮದುವೆಯ ಉಡುಪು ಒಪ್ಪಿಸಲು ಎರಡು ದಿನ ಟೂಸಾನ್‌ಗೆ ಹೋಗಿದ್ದೆ. ನಾಯಿಯನ್ನು ನೋಡಿಕೊಳ್ಳಲು ನೀನು ಫ್ಲ್ಯಾಗ್‌ಸ್ಟಾಫಿನ ಬೆಟ್ಟ ಇಳಿದು ಬಂದಿದ್ದೆ. ನಾನು ಮರಳಿದಾಗ ಹಿತ್ತಲ ಗೇಟು ತೆರೆದಿತ್ತು, ನೀನು ಮೆಟ್ಟಿಲ ಮೇಲೆ ಕುಳಿತಿದ್ದೆ. "ಗೇಟು ಯಾರು ತೆಗೆದರು?" ಎಂದು ನಾನು ಕೇಳುವ ಮೊದಲೇ ನೀನು "ನಾನು ತೆಗೆದಿಲ್ಲ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ. ಆಗ ನನಗೆ ಹೊಳೆಯಲಿಲ್ಲ. ಊರಿನವರನ್ನೆಲ್ಲ ಅನುಮಾನಿಸುವ ನಾನು ನಿನ್ನೊಬ್ಬಳನ್ನು ಬಿಟ್ಟಿದ್ದೆ.

ಈ ವರ್ಷ ಮಾರ್ಚಿನಲ್ಲಿ ಗಿರಾಕಿಯೊಬ್ಬಳು ಮಗಳ ಅಳತೆ ಕೊಡಿಸಲು ಬಂದವಳು ಗೋಡೆಯ ಮೇಲಿನ ಅವನ ಫೋಟೊ ನೋಡಿ, "ಎಡಗಿವಿ ಅರ್ಧ ಹರಿದಿರೋ ನಾಯಿ, ಇಂಥದ್ದೇ ಒಂದನ್ನ ಯಾವುದೋ ನಾಯಿ ಪಾರ್ಕಲ್ಲಿ ನೋಡ್ದೆ. ಯಾವುದು ಅಂತ ನೆನಪಿಲ್ಲ" ಎಂದಳು. ಅಂದಿನಿಂದ ನನಗೆ ನಿದ್ದೆಯಿಲ್ಲ. ಯಾರೋ ಕದ್ದಿದ್ದಾರೆ, ಹೆಸರು ಬದಲಿಸಿದ್ದಾರೆ ಎಂದು ಖಾತ್ರಿಯಾಯಿತು. ಚುರ್ರೊನ ಹಳೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ಹಗ್ಗ ಬಿಚ್ಚಿ ನಾಯಿಗಳನ್ನು ಓಡಲು ಬಿಡುವ ಪಾರ್ಕುಗಳನ್ನು ಒಂದೊಂದಾಗಿ ಸುತ್ತಿದೆ. ಬೇಸಿಗೆಯಲ್ಲಿ ಐದು ಗಂಟೆಗೆಲ್ಲ ಅಲ್ಲಿರಬೇಕು. ಏಳಾಯಿತೆಂದರೆ ಜನ ಬಗ್ಗಿ ಡಾಂಬರಿಗೆ ಕೈ ಒತ್ತಿ ಕಾವು ನೋಡಿ, ನಾಯಿಗಳನ್ನು ಎತ್ತಿಕೊಂಡಾದರೂ ಹೊರಟುಬಿಡುತ್ತಾರೆ.

ನಾಯಿಯಿಲ್ಲದ ಹೆಂಗಸು ನಾಯಿ ಪಾರ್ಕಿನಲ್ಲಿ ಕುಳಿತರೆ ಏನಾಗುತ್ತದೆ ಗೊತ್ತೇ? ಎಲ್ಲರೂ ನನ್ನನ್ನೇ ಕಳ್ಳಿಯೆಂದುಕೊಂಡರು. ಅಲ್ಲಿ ಮನುಷ್ಯರಿಗೆ ಹೆಸರಿಲ್ಲ. ಪೆಪ್ಪರ್‌ನ ಅಪ್ಪ, ಡೈಸಿಯ ಅಮ್ಮ, ಅಷ್ಟೇ. ನಾನು ಯಾರ ಅಮ್ಮನೂ ಅಲ್ಲ. ಪೆಪ್ಪರ್‌ನ ಅಪ್ಪನಂತೂ ದಿನವೂ, "ಏನಮ್ಮಾ, ನಿಮ್ಮ ನಾಯಿ ನಮ್ಮಂಥೋರ ಕಣ್ಣಿಗೆ ಕಾಣಲ್ವಾ?" ಎಂದು ಕೆಣಕುತ್ತಿದ್ದ. ಡೈಸಿಯ ಅಮ್ಮ ನನ್ನ ಕಾರಿನ ನಂಬರಿನ ಫೋಟೊ ತೆಗೆದುಕೊಂಡಳು. ನಾನೂ ಅವಳದ್ದನ್ನು ಬರೆದುಕೊಂಡೆ.

ಅಕ್ಟೋಬರ್ ಬಂತೆಂದರೆ ಪಾರ್ಕುಗಳನ್ನು ಸರದಿಯಲ್ಲಿ ಮುಚ್ಚಿ ಚಳಿಗಾಲದ ಹುಲ್ಲು ಬಿತ್ತುತ್ತಾರಲ್ಲ, ನಾನು ಕಾದಿದ್ದು ಅದಕ್ಕೇ. ಒಂದು ಕಡೆ ಮುಚ್ಚಿದರೆ ಅಲ್ಲಿಯ ನಾಯಿಗಳೆಲ್ಲ ಇನ್ನೊಂದು ಕಡೆ ಬರಲೇಬೇಕು. ನಮ್ಮ ಕಡೆ ತೆರೆದಿದ್ದ ಒಂದೇ ಪಾರ್ಕಿನಲ್ಲಿ, ಗೇಟು ಕಾಣುವ ಬೆಂಚಿನ ಮೇಲೆ ಹೋಗಿ ಕುಳಿತೆ. ಈ ಸೋಮವಾರ ಆರೂವರೆಗೆ ಹುಲ್ಲಿನ ಟೋಪಿಯ ಮುದುಕನೊಬ್ಬ ಬಂದ. ಅವನ ನಾಯಿಯ ನಾಲ್ಕು ಕಾಲಿಗೂ ನೆಲದ ಕಾವು ತಾಗದ ಹಾಗೆ ಕೆಂಪು ಬೂಟು. "ಮೇಜರ್, ನಿಧಾನ ಕಣೋ" ಎನ್ನುತ್ತ ಮೊದಲ ಗೇಟು ಹಾಕಿ ಎರಡನೆಯದನ್ನು ತೆಗೆದ. ಎಡಗಿವಿ ಅರ್ಧ ಇರಲಿಲ್ಲ.

"ಚುರ್ರೊ" ಎಂದೆ. ಜೋರಾಗಿಯೂ ಕರೆಯಲಿಲ್ಲ. ಅವನು ಬೂಟು ಕಳಚಿ ಬೀಳುವಂತೆ ಓಡಿ ಬಂದು ಮುಂಗಾಲೆರಡನ್ನೂ ನನ್ನ ಮಡಿಲಿಗಿಟ್ಟ. ನಾನು ಅತ್ತೆ, ಎಲ್ವಿರಾ. ನಮ್ಮ ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಮುದುಕ ಹತ್ತಿರ ಬಂದ. "ಇವನು ನನ್ನವನು. ನೀವು ಕದ್ದಿದ್ದೀರಿ" ಎಂದೆ.

"ಮೂವತ್ತು ವರ್ಷ ಸಿಟಿ ಬಸ್ ಓಡಿಸ್ದೋನು ನಾನು. ಸೀಟಿನ ಕೆಳಗೆ ಸಿಕ್ಕ ಟೋಪಿನೂ ಮನೆಗೆ ಒಯ್ದಿಲ್ಲ ತಾಯಿ."

"ಕಳ್ಳರೆಲ್ಲ ಹೀಗೇ ಹೇಳೋದು. ತಲೆ ಮೇಲಿರೋದು ಯಾರದ್ದೋ?"

ಜನ ಸೇರಿದರು. ಪೆಪ್ಪರ್‌ನ ಅಪ್ಪ ನ್ಯಾಯ ಹೇಳಲು ನಿಂತ. "ನಾವ್ಯಾಕೆ ಗಂಟಲು ಹರ್ಕೊಳ್ಳೋದು? ನಾಯಿನೇ ಹೇಳ್ಲಿ. ಒಬ್ಬರು ಆ ಕಡೆ, ಒಬ್ಬರು ಈ ಕಡೆ ನಿಂತು ಕರೀರಿ." ಅಲ್ಲಿ ಜಗಳ ಬಂದರೆ ಹೀಗೇ ತೀರಿಸುವುದಂತೆ. ಇಬ್ಬರೂ ಕರೆದೆವು. ಅವನು ಮುದುಕನ ಕಡೆ ಒಮ್ಮೆ ತಿರುಗಿ ನೋಡಿ ನನ್ನ ಬಳಿಗೆ ಬಂದ. ಮುದುಕ ಏನೂ ವಾದಿಸಲಿಲ್ಲ. "ಅವನೇ ಹೇಳಿದ್ಮೇಲೆ ಮುಗೀತು. ಕರ್ಕೊಂಡು ಹೋಗಿ" ಎಂದು ಬಿದ್ದ ಬೂಟನ್ನು ಹೆಕ್ಕಿ ನನ್ನ ಕೈಗಿಟ್ಟ. ನನಗೆ ಗೆದ್ದ ಸೊಕ್ಕು. ಡೈಸಿಯ ಅಮ್ಮನ ಮುಖ ನೋಡಿಯೇ ಹೊರಗೆ ಹೋದೆ.

ಚುರ್ರೊ ಕುಣಿಯುತ್ತ ಕಾರಿನವರೆಗೂ ಬಂದ. ನಾನು ಹಿಂದಿನ ಬಾಗಿಲು ತೆಗೆದೆ. ಅವನು ಅಲ್ಲೇ ಕುಳಿತುಬಿಟ್ಟ.

ಕರೆದೆ, ಬರಲಿಲ್ಲ. ಎಳೆದೆ. ಎತ್ತಲು ಹೋದರೆ ಮೈಯೆಲ್ಲ ನಡುಗಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಆದರೂ ನನ್ನ ಕೈ ನೆಕ್ಕುವುದನ್ನು ಬಿಡಲಿಲ್ಲ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಆ ಬಾಗಿಲಿನ ಭಯ. ಮುದುಕ ಹಿಂದಿನಿಂದ ಬಂದು, "ಬಿಡಿ ತಾಯಿ. ನನ್ನ ಗಾಡಿಗೆ ಹತ್ತಿಸೋಕೇ ನಾಲ್ಕು ತಿಂಗಳು ಹಿಡೀತು. ಈಗಲೂ ಕಿಟಕಿ ಎಲ್ಲಾ ಇಳಿಸಿದ್ರೇನೇ ಹತ್ತೋದು" ಎಂದ. ಆಮೇಲೆ ತನ್ನ ಗಾಡಿಯಿಂದ ಒಂದು ಚೀಟಿ ತಂದು ತೋರಿಸಿದ. ನಾಯಿಯನ್ನು ಕೊಟ್ಟ ಹೆಂಗಸು ಬರೆದುಕೊಟ್ಟದ್ದಂತೆ.

ಹಿಂದಕ್ಕೆ ವಾಲುವ ಅಕ್ಷರ. ಶಾಲೆಯಲ್ಲಿ ಅದಕ್ಕೇ ಏಟು ತಿನ್ನುತ್ತಿದ್ದೆಯಲ್ಲ, ಆ ಅಕ್ಷರ. "ಕೋಳಿಯ ಮೂಳೆ ಕೊಡಬೇಡಿ. ಗುಡುಗಿದರೆ ಮಂಚದ ಕೆಳಗೆ ಹೋಗುತ್ತಾನೆ, ಬೈಯಬೇಡಿ. ಕಾರಿನಲ್ಲಿ ಒಬ್ಬನನ್ನೇ ಬಿಡಬೇಡಿ, ಒಂದು ನಿಮಿಷವೂ."

"ಕೊಟ್ಟೋರು ಅಷ್ಟು ಹೊತ್ತೂ ಅಳ್ತಾನೇ ಇದ್ರು. ನಿಮಗೆ ಗೊತ್ತಾ ಅವರು?" ಎಂದು ಕೇಳಿದ.

"ನನ್ನ ತಂಗಿ" ಎಂದೆ.

ಮೂರು ದಿನ ನಿನ್ನ ಮೇಲೆ ಕುದಿದೆ. ಸುಳ್ಳು ಹೇಳಿದ್ದಕ್ಕಲ್ಲ. ತಲೆ ಸುಡುವ ಬಿಸಿಲಿನಲ್ಲಿ ನನ್ನ ಜೊತೆ ಅಂಟಿನ ಡಬ್ಬಿ ಹಿಡಿದು ಕಂಬಕಂಬಕ್ಕೂ ಅವನ ಫೋಟೊ ಅಂಟಿಸಿದೆಯಲ್ಲ, ಅದಕ್ಕೆ. ಅವನು ಎಲ್ಲಿದ್ದಾನೆಂದು ಗೊತ್ತಿದ್ದೂ. ಅದಕ್ಕೂ ಹಿಂದಿನ ತಿಂಗಳು, ಮೇಯಲ್ಲಿ, ಆ ಬಟ್ಟೆ ಅಂಗಡಿಯ ಮುಂದೆ ನಾನು ಅವನನ್ನು ಬಿಸಿಲಲ್ಲಿ ಹತ್ತು ನಿಮಿಷ ಕಾರಿನಲ್ಲಿ ಬಿಟ್ಟದ್ದಕ್ಕೆ, ಡಾಕ್ಟರು ಉಳಿಸಿಕೊಟ್ಟ ಮೇಲೂ, ಇಷ್ಟು ದೊಡ್ಡ ಶಿಕ್ಷೆಯೇ ಎಂದು ಗೋಡೆಯೊಡನೆ ಜಗಳವಾಡಿದೆ. ನನ್ನನ್ನು ಬೈಯಬಹುದಿತ್ತು, ಹೊಡೆಯಬಹುದಿತ್ತು. ನೀನು ಏನೂ ಕೇಳದೆ ತೀರ್ಪು ಕೊಟ್ಟುಬಿಟ್ಟೆ.

ಅವನನ್ನು ಮುದುಕನ ಬಳಿಯೇ ಬಿಟ್ಟು ಬಂದೆ. ಹೆಸರು ಕೇಳಿಕೊಂಡೆ, ಲೆಲ್ಯಾಂಡ್ ಅಂತೆ. ಸೋಮವಾರ ಸೋಮವಾರ ಬನ್ನಿ ಎಂದಿದ್ದಾನೆ. ಒಳ್ಳೆಯವನ ಹಾಗೆ ಕಾಣುತ್ತಾನೆ, ಇನ್ನೂ ನೋಡಬೇಕು.

ಸತ್ತವರ ಹಬ್ಬಕ್ಕೆ ಅಮ್ಮನ ಸಮಾಧಿಗೆ ಚೆಂಡುಹೂವು ತೆಗೆದುಕೊಂಡು ಬಾ. ರೊಟ್ಟಿ ನಾನು ಸುಡುತ್ತೇನೆ. ಕ್ಷಮೆ ಗಿಮೆ ಕೇಳಬೇಡ, ನನಗೆ ಅಂಥದ್ದು ತಾಳಲಾಗುವುದಿಲ್ಲ. ಗ್ವಾದಲೂಪೆಯ ದೇವಮಾತೆ ನಿನ್ನನ್ನೂ ನಿನ್ನ ಮಕ್ಕಳನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅಕ್ಕ,
ಕಾನ್ಸುವೆಲೊ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹತ್ತು ನಿಮಿಷವಲ್ಲ, ಎಲ್ವಿರಾ. ಡಾಕ್ಟರಿಗೂ ನಿನಗೂ ಹಾಗೆ ಹೇಳಿದೆ. ಅರ್ಧ ಗಂಟೆಯ ಮೇಲಾಗಿತ್ತು. ಲೇಸಿನ ಬಣ್ಣ ಹೊಂದಿಸುತ್ತ, ಕಾರಿನಲ್ಲಿ ಅವನಿದ್ದಾನೆಂಬುದನ್ನೇ ಮರೆತಿದ್ದೆ. ಯಾರೋ ಅಂಗಡಿಯೊಳಗೆ ನುಗ್ಗಿ, "ಹೊರಗೆ ಕಾರಲ್ಲಿ ಒಂದು ನಾಯಿ ಸಾಯ್ತಾ ಇದೆ, ಯಾರದ್ದು?" ಎಂದು ಕೂಗಿದರು. ಎಲ್ಲರ ಜೊತೆ ನಾನೂ ಕಿಟಕಿಯ ಕಡೆ ತಿರುಗಿ, ಪಕ್ಕದವಳಿಗೆ, "ಎಂಥೆಂಥ ಪಾಪಿಗಳು ಇರ್ತಾರೆ ನೋಡಿ" ಎಂದೆ.